ವಾದ್ಯ ನಿಂತ ಜಾಗ

ನಂಜನಗೂಡು
17-2-2025

ಚೆಲುವರಾಜು ಅವರಿಗೆ,

ನಾನು ಬಿಂದುಶ್ರೀ, ನಂಜುಂಡೇಶ್ ಅವರ ಹೆಂಡತಿ. ನೀವು ನಮ್ಮ ಮನೆಗೆ ಬಂದು ಎಂಟು ವರ್ಷವಾಯಿತು. ನವೆಂಬರಿನಲ್ಲಿ ಅವರು ತೀರಿಕೊಂಡಾಗ ಮಣ್ಣಿನ ದಿನ ನೀವು ಬಂದು ಗೇಟಿನ ಹತ್ತಿರವೇ ನಿಂತು ಹೋದಿರೆಂದು ಕಂಡಕ್ಟರ್ ಮಹಾದೇವಸ್ವಾಮಿ ಆಮೇಲೆ ಹೇಳಿದರು. ಒಳಗೆ ಬರಬಹುದಿತ್ತು. ಬರಲಿಲ್ಲವೆಂದು ಬೇಜಾರೇನಿಲ್ಲ.

ಫೋನ್ ಮಾಡದೆ ಕಾಗದ ಬರೆಯುತ್ತಿದ್ದೇನೆಂದು ನಗಬೇಡಿ. ಫೋನಿನಲ್ಲಿ ಎರಡು ಮಾತಾಗುವಷ್ಟರಲ್ಲಿ ಅಳು ಬಂದು ಫೋನನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇನೆ. ಆ ಕಡೆಯವರು ಹಲೋ ಹಲೋ ಅಂದು ಇಟ್ಟುಬಿಡುತ್ತಾರೆ. ಹತ್ತನೇ ಕ್ಲಾಸಿನಿಂದ ದಿನಚರಿ ಬರೆಯುವ ಅಭ್ಯಾಸವಿದೆ, ಪೆನ್ನು ಹಿಡಿದರೆ ಅಷ್ಟು ತೊಂದರೆಯಿಲ್ಲ.

ವಿಷಯ ಇದು. ನಮ್ಮ ಹಿಂದಿನ ಬೀದಿಯ ಚಂಪಕ ಅವರು ಮೊನ್ನೆ ಮೂರನೇ ಸಲ ಬಂದಿದ್ದರು. ಅವರ ಮಗಳು ಸಮೀಕ್ಷಾಳ ಮದುವೆ ಹೋದ ಶ್ರಾವಣದಲ್ಲಿ ಆಯಿತು. ನಮ್ಮ ಯಜಮಾನರೇ ವಿಡಿಯೋ ತೆಗೆದಿದ್ದರು, ಅದನ್ನು ಕೊಡುವ ಮೊದಲೇ ಹೋಗಿಬಿಟ್ಟರು. "ನಿನ್ನನ್ನ ಕೇಳೋದಕ್ಕೇ ನಾಲಿಗೆ ಏಳಲ್ಲ ಕಣಮ್ಮ ಬಿಂದು. ಆದ್ರೆ ಬೀಗರು ದಿನಾ ಫೋನ್ ಮಾಡ್ತಾರೆ. ಅಳಿಯನಂತೂ, ನಂಗೆ ಮದುವೆ ಆಗಿರೋದಕ್ಕೆ ಸಾಕ್ಷಿ ಎಲ್ಲಿ ಅತ್ತೆ ಅಂತಾನೆ" ಅಂದರು. ನಗಿಸಲಿಕ್ಕೆ ಹೇಳಿದ್ದು. ನಾನೂ ನಕ್ಕೆ.

ಅವರು ಹೋದ ಮೇಲೆ ಇವರ ಕಂಪ್ಯೂಟರ್ ಹಾಕಿದೆ. ಆ ಮದುವೆಯ ಹೆಸರು ಒತ್ತಿದರೆ ಪಟ್ಟಿಯೇನೋ ಬಂತು. ಗೌರಿಪೂಜೆ, ವರಪೂಜೆ, ಧಾರೆ, ಸಪ್ತಪದಿ ಎಂದು ಎಲ್ಲದಕ್ಕೂ ಇವರೇ ಹೆಸರಿಟ್ಟಿದ್ದಾರೆ. ಆದರೆ ಯಾವುದನ್ನು ಒತ್ತಿದರೂ ಪರದೆ ಪೂರ್ತಿ ಕೆಂಪಗಾಗಿ ಇಂಗ್ಲಿಷಿನಲ್ಲಿ ಏನೋ ತೋರಿಸುತ್ತದೆ. ಒಳಗೆ ಸುಟ್ಟುಹೋಗಿದೆಯೇ? ಪಕ್ಕದಲ್ಲಿದ್ದ ಕಪ್ಪು ಡಬ್ಬಿಯ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಅದರ ದೀಪವೂ ಹತ್ತುವುದಿಲ್ಲ. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ ತಿಳಿಯದು. ಮೈಸೂರಿನಲ್ಲಿ ಒಂದು ಅಂಗಡಿಯವರು ಕೊಟ್ಟು ಹೋಗಿ ಅಂದರು. ಕೊಡಲು ಮನಸ್ಸು ಬರಲಿಲ್ಲ.

ನಿಮಗೆ ತಿಳಿದದ್ದನ್ನು ಬರೆಯಿರಿ. ಈ ಕಾಗದವನ್ನು ಮಹಾದೇವಸ್ವಾಮಿಯವರ ಕೈಯಲ್ಲೇ ಕೊಟ್ಟಿದ್ದೇನೆ. ದಿನಕ್ಕೆ ಎರಡು ಸಲ ನರಸೀಪುರಕ್ಕೆ ಬಂದು ಹೋಗುವವರು.

ಬಿಂದುಶ್ರೀ


ತಿ. ನರಸೀಪುರ
2-3-2025

ಬಿಂದುಶ್ರೀ ಅವರಿಗೆ,

ಕಾಗದ ಬಂದು ಹತ್ತು ದಿನವಾಯಿತು. ನಾನು ಕೊನೆಯ ಸಲ ಕಾಗದ ಬರೆದಿದ್ದು ಶಾಲೆಗೆ ರಜೆ ಕೇಳಿ. ತಪ್ಪಿದ್ದರೆ ತಿದ್ದಿಕೊಳ್ಳಿ.

ಕೆಂಪು ಪರದೆ ಎಂದರೆ ಸುಟ್ಟಿದೆ ಎಂದಲ್ಲ. ನಿಮ್ಮ ಕಂಪ್ಯೂಟರಿನಲ್ಲಿ ಇರುವುದು ಅಡಿಗೆ ಭಟ್ಟರ ಚೀಟಿ. ಯಾವುದಕ್ಕೆ ಎಷ್ಟು, ಯಾವುದಾದ ಮೇಲೆ ಯಾವುದು ಎಂದು ಅದರಲ್ಲಿ ಬರೆದಿದೆ ಅಷ್ಟೆ. ಸಾಮಾನು ಇರುವುದು ಉಗ್ರಾಣದಲ್ಲಿ. ಆ ಕಪ್ಪು ಡಬ್ಬಿಯೇ ಉಗ್ರಾಣ. ಅದರ ಬಾಗಿಲು ತೆರೆಯುತ್ತಿಲ್ಲ. ಚೀಟಿ ಎಷ್ಟು ಚೆನ್ನಾಗಿದ್ದರೂ ಎಲೆಗೆ ಏನೂ ಬೀಳುವುದಿಲ್ಲ.

ದಯವಿಟ್ಟು ಅದನ್ನು ಮತ್ತೆ ಮತ್ತೆ ಸಿಕ್ಕಿಸಿ ನೋಡಬೇಡಿ. ಇನ್ನೂ ಕೆಡುತ್ತದೆ.

ನನ್ನನ್ನು ಯಾಕೆ ಕೇಳಿದಿರಿ ಎಂದು ಯೋಚಿಸಿದೆ. ನಿಮಗೆ ಗೊತ್ತೋ ಇಲ್ಲವೋ, ನಾವಿಬ್ಬರೂ ಒಟ್ಟಿಗೆ ಮಾಡಿದ ದೇವನೂರಿನ ಮದುವೆಯಲ್ಲಿ ತಾಳಿ ಕಟ್ಟುವಾಗ ನಂಜುಂಡೇಶನ ಕ್ಯಾಮೆರಾ ಓಡುತ್ತಿದೆಯೆಂದು ನಾನು, ನನ್ನದು ಓಡುತ್ತಿದೆಯೆಂದು ಅವನು. ಎರಡೂ ಓಡಲಿಲ್ಲ. ಹೆಣ್ಣಿನ ತಂದೆ ಕೇಳಿದಾಗ, ಚಪ್ಪರದ ಅಷ್ಟೂ ಜನದೆದುರು "ಅದು ಅವುನ್ ಕೆಲ್ಸ ಕಣ್ರೀ, ನಂದಲ್ಲ" ಎಂದುಬಿಟ್ಟ. ಅವತ್ತೇ ನನ್ನ ಬ್ಯಾಗು ತೆಗೆದುಕೊಂಡು ಬಸ್ಸು ಹತ್ತಿದೆ.

ಇದನ್ನು ಬರೆಯಬೇಕೆಂದಿರಲಿಲ್ಲ. ಡಿಸ್ಕ್ ಕಳಿಸಿ, ನೋಡುತ್ತೇನೆ. ಮಾತು ಕೊಡುವುದಿಲ್ಲ.

ಚೆಲುವರಾಜು


ನಂಜನಗೂಡು
6-3-2025

ಚೆಲುವರಾಜು ಅವರಿಗೆ,

ಡಿಸ್ಕನ್ನು ಇವರ ಮಫ್ಲರಿನಲ್ಲಿ ಸುತ್ತಿ ಕಳಿಸಿದ್ದೇನೆ. ಮಹಾದೇವಸ್ವಾಮಿ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಕೂಸ್ ತಗೊಂಡೋದಂಗೆ ತೊಡೆ ಮ್ಯಾಲೆ ಮಡಿಕೊಂಡೋಗ್ತೀನಿ ಕಣಕ್ಕ, ನಮ್ ಡ್ರೈವರ್ ಗುಂಡಿ ನೋಡ್ಕಂಡ್ ಓಡಿಸ್ಬೇಕು ಅಷ್ಟೆಯ" ಅಂದರು. ಮಫ್ಲರ್ ಮಾತ್ರ ವಾಪಸು ಕಳಿಸಿ.

ಯಾಕೆ ನಿಮ್ಮನ್ನು ಕೇಳಿದೆ ಎಂದು ಬರೆದಿದ್ದಿರಿ. ಚಂಪಕ ಅವರ ಮದುವೆ ವಿಡಿಯೋ ಅರ್ಧ ಕಾರಣ. ಇನ್ನರ್ಧ ಇಲ್ಲಿದೆ.

ಹತ್ತೊಂಬತ್ತು ವರ್ಷ ಇವರು ಊರಿನವರನ್ನೆಲ್ಲ ವಿಡಿಯೋದಲ್ಲಿ ಹಿಡಿದರು. ಇವರು ಮಾತ್ರ ಒಂದರಲ್ಲೂ ಇಲ್ಲ. ನಮ್ಮ ಮದುವೆಯದು ಬರೀ ಫೋಟೋ. ಫೋನಿನಲ್ಲಿ ದನಿ ಕಳಿಸುವವರೂ ಅಲ್ಲ, "ಬರ್ತೀನಿ", "ಊಟ ಮಾಡಿ" ಎಂದು ಟೈಪ್ ಮಾಡುವವರು. ಹೋದ ತಿಂಗಳು ಒಂದು ಬೆಳಗ್ಗೆ ಇವರ ದನಿಯನ್ನು ನೆನಪಿಸಿಕೊಳ್ಳಲು ಹೋದೆ. ಬರಲಿಲ್ಲ. ಮುಖ ಬಂತು, ಅಂಗಿಯ ವಾಸನೆ ಬಂತು, ದನಿ ಬರಲಿಲ್ಲ. ಹೆದರಿಕೆಯಾಯಿತು.

ಇವರು ಮಾಡಿದ ಮದುವೆ ವಿಡಿಯೋಗಳನ್ನು ನಾಲ್ಕು ಮನೆಯಿಂದ ತಂದು ನೋಡಿದೆ. ಎಲ್ಲದರಲ್ಲೂ ವಾದ್ಯ, ಹಾಡು. ಕ್ಯಾಮೆರಾ ಹಿಂದೆ ನಿಂತು "ಇಲ್ಲಿ ನೋಡಿ", "ಒಂಚೂರು ಈ ಕಡೆ" ಅನ್ನುತ್ತಿದ್ದರಲ್ಲ, ಅದೊಂದೂ ಇಲ್ಲ. "ಎಡಿಟಿಂಗಿಗೆ ಕೂತರೆ ಮೊದಲು ತೆಗೆಯೋದು ನನ್ನ ದನೀನೇ ಕಣೆ" ಎಂದು ಇವರೇ ಹೇಳಿದ್ದು ಆಮೇಲೆ ನೆನಪಾಯಿತು. ಹಾಗಾದರೆ ತೆಗೆಯುವ ಮೊದಲಿನದು ಆ ಡಬ್ಬಿಯಲ್ಲಿ ಇರಬೇಕಲ್ಲವೇ? ನನಗೆ ಬೇಕಾದದ್ದು ಅದು. ಒಂದು ಮಾತು ಸಿಕ್ಕಿದರೂ ಸಾಕು.

ದೇವನೂರಿನದು ನನಗೆ ಗೊತ್ತಿರಲಿಲ್ಲ. ಜಗಳವಾಯಿತು ಎಂದಷ್ಟೇ ಹೇಳಿದ್ದರು.

ಬಿಂದುಶ್ರೀ


ತಿ. ನರಸೀಪುರ
9-4-2025

ಬಿಂದುಶ್ರೀ ಅವರಿಗೆ,

ಡಬ್ಬಿ ಬಿಚ್ಚಿದೆ. ಒಳಗಿನ ಡಿಸ್ಕಿಗೂ ಕಂಪ್ಯೂಟರಿಗೂ ನಡುವೆ ಸಣ್ಣದೊಂದು ಹಸಿರು ತಗಡು ಇರುತ್ತದೆ. ಅದು ತುಕ್ಕು ಹಿಡಿದಿದೆ. ತಂತಿ ಸಿಕ್ಕಿಸುವ ಬಾಯಿಯಲ್ಲಿ ಬಿಳಿ ಪುಡಿ ಒಣಗಿ ಗಾರೆಯಂತೆ ಕೂತಿದೆ. ಉಪ್ಪೋ ಸುಣ್ಣವೋ ಗೊತ್ತಾಗಲಿಲ್ಲ. ಚೆಂಡುಹೂವಿನ ಒಂದು ಎಸಳು ಅಂಟಿಕೊಂಡಿತ್ತು. ಮಳೆಯಲ್ಲಿ ನೆನೆದದ್ದಲ್ಲ ಇದು. ಯಾರಾದರೂ ಬೇಕೆಂದೇ ಏನಾದರೂ ಹಾಕಿದರೇ?

ಸಿಟ್ಟಿಗೆ ಕೇಳುತ್ತಿಲ್ಲ. ಏನು ಬಿದ್ದಿದೆಯೆಂದು ತಿಳಿದರೆ ಯಾವುದರಲ್ಲಿ ತೊಳೆಯಬೇಕೆಂದು ಗೊತ್ತಾಗುತ್ತದೆ.

ಮಫ್ಲರ್ ಕಳಿಸಿದ್ದೇನೆ.

ಚೆಲುವರಾಜು


ನಂಜನಗೂಡು
23-4-2025

ಚೆಲುವಣ್ಣನವರಿಗೆ,

ಹಾಕಿದ್ದು ನಾನು. ವಿಭೂತಿ.

ಇದನ್ನು ದಿನಚರಿಯಲ್ಲೂ ಬರೆದಿಲ್ಲ. ಹೋದ ವರ್ಷ ಆಯುಧಪೂಜೆಯ ದಿನ ಕ್ಯಾಮೆರಾ, ಲೈಟು, ಕಂಪ್ಯೂಟರ್ ಎಲ್ಲವನ್ನೂ ಒರೆಸಿ ಮೇಜಿನ ಮೇಲೆ ಜೋಡಿಸಿದೆ. ಇವರು ಸ್ನಾನಕ್ಕೆ ಹೋಗಿದ್ದರು. ಆ ಕಪ್ಪು ಡಬ್ಬಿ ನುಣ್ಣಗಿತ್ತು, ಒಣ ವಿಭೂತಿ ನಿಲ್ಲಲಿಲ್ಲ. ನಮ್ಮತ್ತೆ ಚನ್ನಬಸಮ್ಮ, "ಒಣಾದು ಉದ್ರೋಯ್ತದೆ ಕಣವ್ವ, ನೀರಲ್ ಕಲ್ಸಿ ಗಟ್ಟಿಯಾಗಿ ಎಳಿ" ಅಂದರು. ಮೂರು ಬೆರಳು ಅದ್ದಿ ಎಳೆದೆ. ಮುಂದೆಯೂ ಎಳೆದೆ, ಪಕ್ಕದಲ್ಲೂ ಎಳೆದೆ. ತೂತಿದ್ದ ಕಡೆ ಬೆರಳು ಇಳಿಯಿತು. ಆಗ ಏನೂ ಅನ್ನಿಸಲಿಲ್ಲ. ಮೇಲೆ ನೀರು ಚಿಮುಕಿಸಿದ ಚೆಂಡುಹೂವಿನ ಹಾರ ಇಟ್ಟೆ.

ಇವರು ಬಂದು ನೋಡಿದರು. ಒಂದು ಗಳಿಗೆ ಕೈ ಮುಂದೆ ಚಾಚಿದರು. ಆಮೇಲೆ ಹಿಂದಕ್ಕೆ ತೆಗೆದುಕೊಂಡರು. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನದವರೆಗೆ ಮುಟ್ಟಬಾರದಲ್ಲ. ಮಂಗಳಾರತಿ ತೆಗೆದುಕೊಂಡರು. ಅದು ಒದ್ದೆಯಲ್ಲೇ ಮಾರನೆಯ ಬೆಳಗಿನವರೆಗೆ ಇತ್ತು.

ವಿಜಯದಶಮಿಯ ದಿನ ಇವರು ಕಿವಿಕಡ್ಡಿಯಲ್ಲಿ ಅದರ ಬಾಯಿ ಒರೆಸುತ್ತಾ ಕೂತಿದ್ದರು. ಏನಾಯ್ತು ಅಂದೆ. ಏನಿಲ್ಲ ಅಂದರು. ನನ್ನ ಕಡೆ ತಿರುಗಲಿಲ್ಲ. ಅದಾದ ನಲವತ್ತು ದಿನಕ್ಕೆ ಹೋದರು. ಆ ನಲವತ್ತು ದಿನದಲ್ಲಿ ಒಂದು ಸಲವಾದರೂ "ಎಂಥ ಕೆಲಸ ಮಾಡಿದೆ" ಎಂದು ಬೈಯಬಹುದಿತ್ತು. ಬೈಯಲಿಲ್ಲ. ಬೈದಿದ್ದರೆ ಆ ದನಿಯಾದರೂ ನೆನಪಿರುತ್ತಿತ್ತೋ ಏನೋ.

ಇವರ ಜೀವ ತೆಗೆದ ಎದೆನೋವು ಬಂದದ್ದಕ್ಕೆ ಇದೂ ಸೇರಿರಬಹುದೇ ಎಂದು ಡಾಕ್ಟರನ್ನು ಕೇಳಲು ಆಗುವುದಿಲ್ಲ. ನಿಮ್ಮನ್ನು ಕೇಳುವುದೂ ಸರಿಯಲ್ಲ. ಯಾವುದರಲ್ಲಿ ತೊಳೆಯುತ್ತೀರೋ ತೊಳೆಯಿರಿ.

ಬಿಂದುಶ್ರೀ


ತಿ. ನರಸೀಪುರ
20-6-2025

ತಂಗ್ಯಮ್ಮನವರಿಗೆ,

ತಡವಾಯಿತು. ಏನು ಬರೆಯಬೇಕೆಂದು ತಿಳಿಯದೆ ಕೆಲಸ ಮುಗಿಯಲೆಂದು ಕಾದೆ.

ಮೊದಲು ನಿಮ್ಮ ಮಾತಿಗೆ ಉತ್ತರ. ಸುಳ್ಳು ಹೇಳುವುದಿಲ್ಲ. ಹಸಿರು ತಗಡು ಹೋದದ್ದು ನೀರಿನಿಂದಲೇ. ಆದರೆ ತಗಡು ತೆಗೆದು ಬೇರೆ ದಾರಿಯಿಂದ ಜೋಡಿಸಿದಾಗ ಒಳಗಿನ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿತು. ಅದು ನೀರಿನ ಕಾಯಿಲೆಯಲ್ಲ, ವಯಸ್ಸಿನ ಕಾಯಿಲೆ. ಹತ್ತು ವರ್ಷದ ಡಿಸ್ಕ್. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ನನ್ನಿಂದ ಆಗುವುದಿಲ್ಲ. ಯಾರಿಂದಲೂ ಆಗುವುದಿಲ್ಲ.

ನಿಧಾನವಾಗಿ ಚೂರು ಚೂರೇ ಬೇರೆ ಡಿಸ್ಕಿಗೆ ಇಳಿಸಿದೆ. ಐದು ವಾರ ಹಿಡಿಯಿತು. ಬಿಸಿಯಾಗಬಾರದೆಂದು ಫ್ಯಾನ್ ಅದರ ಕಡೆಗೇ ತಿರುಗಿಸಿಟ್ಟಿದ್ದೆ. "ಬಿಸ್ಲಲ್ ನಾವ್ ಸಾಯ್ತಾ ಇದ್ರೆ ಆ ಡಬ್ಬಿಗ್ ಗಾಳಿ ಬೀಸ್ತಾವ್ನೆ" ಎಂದು ನನ್ನ ಹೆಂಡತಿ ಬೀದಿಗೆಲ್ಲ ಹೇಳಿದಳು.

ಬಂದದ್ದು ಹೀಗೆ. ಹೆಸರು ಒಂದೂ ಉಳಿದಿಲ್ಲ. ಹಾಜರಿ ಪುಸ್ತಕ ಕಳೆದುಹೋಗಿದೆ, ಮಕ್ಕಳು ಕ್ಲಾಸಿನಲ್ಲಿ ಕೂತಿದ್ದಾರೆ. ಮುಖ ನೋಡಿ ಗುರುತಿಸಬೇಕು. ಸಮೀಕ್ಷಾ ಅವರ ಮದುವೆಯದು ತೊಂಬತ್ತಮೂರು ತುಣುಕು. ಸೀರೆಯ ಬಣ್ಣ ನೋಡಿ ಜೋಡಿಸಬಲ್ಲೆ. ನಿಮ್ಮ ಕಂಪ್ಯೂಟರಿನ ಆ ಚೀಟಿಯನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಕಳಿಸಿ. ಚಂಪಕ ಅವರಿಗೆ ವಿಡಿಯೋ ಮಾಡಿಕೊಡೋಣ.

ಆದರೆ ಆ ತೊಂಬತ್ತಮೂರರಲ್ಲಿ ನಂಜುಂಡೇಶ ಒಂದು ಮಾತೂ ಆಡಿಲ್ಲ. ಎರಡು ಸಲ ಕೇಳಿದೆ. ನನಗೇ ಆಶ್ಚರ್ಯವಾಯಿತು. ನಮ್ಮ ಕಾಲದಲ್ಲಿ ಅವನು ಬಾಯಿ ಮುಚ್ಚುತ್ತಿರಲಿಲ್ಲ.

ಇನ್ನೊಂದು. ಡಿಸ್ಕಿನಲ್ಲಿ ಅಳಿಸಿದ್ದೂ ಪೂರ್ತಿ ಅಳಿದಿರುವುದಿಲ್ಲ. ಅವನು ಎಂದೋ ಅಳಿಸಿದ ಹಳೆಯ ತುಣುಕು ನಲವತ್ತೇಳು ಜೊತೆಯಲ್ಲಿ ಬಂದಿವೆ. ನಾವಿಬ್ಬರೂ ಒಟ್ಟಿಗಿದ್ದ ಕಾಲದವು. ಅದರಲ್ಲಿ ಮಾತಿದೆ. ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿದ್ದೇನೆ. ಕೇಳಿ.

ಚೆಲುವರಾಜು


ನಂಜನಗೂಡು
11-7-2025

ಚೆಲುವಣ್ಣನವರಿಗೆ,

ನೀವು ಕೇಳಿದ ಚೀಟಿ ಇದರ ಜೊತೆಗಿದೆ. ನಲವತ್ತೇಳನ್ನೂ ಕೇಳಿದೆ. ಎಷ್ಟು ಸಲವೆಂದು ಲೆಕ್ಕವಿಲ್ಲ.

"ಅಕ್ಕಾ, ಒಂಚೂರು ಈ ಕಡೆ." "ಅಣ್ಣಾ, ಉಸ್ರು ಬುಡಿ, ಯಾರೂ ಒಡಿಯಾಕಿಲ್ಲ." "ಮದ್ಲಿಂಗಿತ್ತಿ ಒಸಿ ನಗವ್ವ, ಉಪವಾಸ ಮದ್ಯಾಣದವರ್ಗೇಯ." ಜನ ನಗುತ್ತಾರೆ. ಕ್ಯಾಮೆರಾ ಸ್ವಲ್ಪ ಅಲುಗುತ್ತದೆ, ಹೇಳಿದವರೂ ನಗುತ್ತಿದ್ದಾರೆಂದು ಗೊತ್ತಾಗುತ್ತದೆ.

ಯಾರು ಅವರು?

ಮೊದಲನೆಯದನ್ನು ಕೇಳಿದಾಗ ಇವರೇ ಎಂದು ಅಳು ಬಂತು. ಮೂರನೆಯದಕ್ಕೆ ಇವರಲ್ಲವೇನೋ ಅನ್ನಿಸಿತು. ಹತ್ತು ಕೇಳುವಷ್ಟರಲ್ಲಿ ಮೊದಲನೆಯದೂ ಇವರದಲ್ಲವೇನೋ ಅನ್ನಿಸಿತು. ಎಲ್ಲ ಒಂದೇ ದನಿಯಂತೆ ಕೇಳುತ್ತದೆ, ಒಂದೊಂದು ಸಲ ನಾಲ್ಕು ಜನರ ದನಿಯಂತೆ ಕೇಳುತ್ತದೆ. ಅತ್ತೆಗೆ ಕೇಳಿಸಿದೆ. "ನನ್ ಮಗ್ನೇಯ, ಇನ್ಯಾರು" ಅಂದರು. ಇನ್ನೊಂದು ಹಾಕಿದೆ. ಅದಕ್ಕೂ "ನನ್ ಮಗ್ನೇಯ" ಅಂದರು. ಬೇಕೆಂದೇ ಟಿವಿಯಲ್ಲಿ ವಾರ್ತೆ ಓದುವವರನ್ನು ಕೇಳಿಸಿದೆ. ಕಿವಿಯನ್ನು ಹತ್ತಿರ ತಂದು, "ಇವ್ನಿಗ್ ಸೀತ ಆಗದೆ" ಅಂದರು. ಆಮೇಲೆ ಹಾಗೆ ಪರೀಕ್ಷೆ ಮಾಡಿದ್ದಕ್ಕೆ ನನಗೇ ನಾಚಿಕೆಯಾಯಿತು.

ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಇದ್ದವಳಿಗೆ ಗಂಡನ ದನಿ ಗೊತ್ತಾಗುವುದಿಲ್ಲ ಎಂದರೆ ಯಾರಾದರೂ ನಂಬುತ್ತಾರೆಯೇ? ಇವರು ಮನೆಯಲ್ಲಿ ಹೀಗೆ ಮಾತಾಡಿದ್ದೇ ಇಲ್ಲ. ಇಷ್ಟು ನಗಿಸಿದ್ದೂ ಇಲ್ಲ. ಚಂಪಕ ಅವರನ್ನು ಕೇಳಿದೆ. "ನಿಮ್ಮ ಯಜಮಾನರಾ? ಮದುವೇಲಿ ತುಟಿ ಬಿಚ್ಚಲಿಲ್ಲಮ್ಮ. ಕೈ ತೋರಿಸೋರು, ನಾವು ತಿರುಗೋರು. ಟ್ರಾಫಿಕ್ ಪೊಲೀಸ್ ಹಾಗೆ" ಅಂದರು. ಹಾಗಾದರೆ ಈ ನಗಿಸುವವರು ಯಾರು, ಕೈ ತೋರಿಸುವವರು ಯಾರು, ನನ್ನ ಜೊತೆ ಇದ್ದವರು ಯಾರು ಎಂದು ತಲೆ ಗೊಂದಲವಾಗಿದೆ.

ನಿಮ್ಮ ದನಿ ನಿಮಗೆ ಗೊತ್ತಿರುತ್ತದಲ್ಲ. ಯಾವುದು ನಿಮ್ಮದು ಎಂದು ಗುರುತು ಹಾಕಿ ಕಳಿಸಿ. ಮಿಕ್ಕಿದ್ದು ಇವರದು ಎಂದುಕೊಳ್ಳುತ್ತೇನೆ.

ಬಿಂದುಶ್ರೀ


ತಿ. ನರಸೀಪುರ
2-8-2025

ತಂಗ್ಯಮ್ಮನವರಿಗೆ,

ಗುರುತು ಹಾಕಲು ಕೂತೆ. ಆಗಲಿಲ್ಲ.

ನಾವಿಬ್ಬರೂ ಕಸುಬು ಕಲಿತದ್ದು ನಾಗಯ್ಯನವರ ಸ್ಟುಡಿಯೋದಲ್ಲಿ. "ಉಸ್ರು ಬುಡಿ, ಯಾರೂ ಒಡಿಯಾಕಿಲ್ಲ" ಎನ್ನುವುದು ಅವರ ಮಾತು. ಜನ ಬಿಗಿಯಾಗಿ ನಿಂತರೆ ಹಾಗೆ ಹೇಳಬೇಕೆಂದು ಕಲಿಸಿದ್ದರು. ಅವರ ರಾಗವೂ ನಮ್ಮಿಬ್ಬರಿಗೆ ಬಂತು. ನಾವು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಇಬ್ಬರಿಗೂ "ಗುರು" ಅಂತಲೇ. ನನ್ನ ಹೆಂಡತಿಯನ್ನು ಕೂರಿಸಿದೆ. ಕೇಳಿ, ಎಲ್ಲ ನನ್ನ ದನಿಯೇ ಅಂದಳು. ಹಾಗಾದರೆ ಅವನದು ಎಲ್ಲಿ ಎಂದು ಕೇಳಿದರೆ, "ನೀವಿಬ್ರೂ ಒಂದೇ ತರ ವದರ್ತಾ ಇದ್ರಿ, ನಂಗೇನ್ ಗೊತ್ತು" ಅಂದಳು. ಎಂಟು ವರ್ಷ ಅವನ ದನಿ ಕೇಳಬಾರದೆಂದು ಇದ್ದವನು ನಾನು. ಈಗ ನನ್ನದು ಯಾವುದೆಂದೇ ತಿಳಿಯುತ್ತಿಲ್ಲ.

ಆದರೆ ಒಂದು ಗೊತ್ತು. ಮದುವೆ ಜೋಡಿಸುವಾಗ ಗೌರಿಪೂಜೆಯದೊಂದು ತುಣುಕು ಸಿಕ್ಕಿತು. ಕೋಣೆಯಲ್ಲಿ ಹುಡುಗಿ ಒಬ್ಬಳೇ ಗೌರಿಯ ಮುಂದೆ ಕೂತಿದ್ದಾಳೆ. ಅಜ್ಜಿ ಹಿಂದಿನಿಂದ ಬಂದು ಜಡೆಗೆ ಹೂ ಮುಡಿಸುತ್ತಾರೆ. ಹೂ ಜಾರುತ್ತದೆ, ಮತ್ತೆ ಸಿಕ್ಕಿಸುತ್ತಾರೆ. ಇಪ್ಪತ್ತೆರಡು ಸೆಕೆಂಡು. ಚಿತ್ರ ಕೂದಲೆಳೆಯಷ್ಟೂ ಅಲುಗಿಲ್ಲ. ಸ್ಟ್ಯಾಂಡ್ ಹಾಕುವಷ್ಟು ಜಾಗ ಅಲ್ಲಿಲ್ಲ. ಕೈಯಲ್ಲೇ ಹಿಡಿದದ್ದು. ಹಾಗೆ ಹಿಡಿಯಬೇಕಾದರೆ ಉಸಿರು ಕಟ್ಟಬೇಕು. ನಾಗಯ್ಯನವರು ಇಬ್ಬರಿಗೂ ಕಲಿಸಿದರು. ನನಗೆ ಹತ್ತು ಸೆಕೆಂಡಿಗೇ ಆಗುತ್ತಿರಲಿಲ್ಲ, ಅದಕ್ಕೇ ಸ್ಟ್ಯಾಂಡ್ ಹೊತ್ತುಕೊಂಡು ತಿರುಗಿದೆ. ಕೊನೆಯಲ್ಲಿ ಹೂ ನಿಂತ ಮೇಲೆ ಅವನು ಉಸಿರು ಬಿಟ್ಟಿದ್ದಾನೆ. ತುಣುಕು ಇದರ ಜೊತೆಗಿದೆ, ಇಯರ್‌ಫೋನ್ ಕಿವಿಗೆ ಹಾಕಿಕೊಂಡು ಕೇಳಿ. ಅದು ಅವನೇ. ಅದು ನಾನಾಗಲು ಸಾಧ್ಯವಿಲ್ಲ.

ಇನ್ನೊಂದು ಬರೆಯಬೇಕು. ಫೆಬ್ರವರಿಯಿಂದ ಬರೆಯಬೇಕೆಂದುಕೊಂಡು ಬರೆದಿಲ್ಲ. ಹೋದ ವರ್ಷ ವಿಜಯದಶಮಿಯ ದಿನ ಅವನು ನನಗೆ ಫೋನ್ ಮಾಡಿದ್ದ. ಮಾರನೆಯ ದಿನ ಎರಡು ಸಲ. ಹೆಸರು ನೋಡಿ ಎತ್ತಲಿಲ್ಲ. ಎಂಟು ವರ್ಷಕ್ಕೆ ಈಗ ನೆನಪಾಯಿತೇ ಎಂದು ಫೋನನ್ನು ಮಗುಚಿ ಇಟ್ಟೆ. ಈ ಡಿಸ್ಕಿಗೇ ಮಾಡಿದ್ದನೋ, ದೇವನೂರಿನ ಮಾತಿಗೋ. ಎತ್ತಿದ್ದರೆ ಅಂದೇ ಸರಿಮಾಡಿಕೊಡುತ್ತಿದ್ದೆ.

ಚೆಲುವರಾಜು


ನಂಜನಗೂಡು
10-8-2025

ಚೆಲುವಣ್ಣ,

ಕೇಳಿದೆ.

ಮದುವೆ ಕೆಲಸ ಮುಗಿಸಿ ಬಂದು, ಬ್ಯಾಗನ್ನು ನೆಲಕ್ಕೆ ತಾಗಿದ್ದು ಗೊತ್ತಾಗದ ಹಾಗೆ ಇಳಿಸಿ, ಗೋಡೆಗೆ ಒರಗಿ ಹಾಗೇ ಉಸಿರು ಬಿಡುತ್ತಿದ್ದರು. ಮೂಗಿನಿಂದ ಅರ್ಧ, ಬಾಯಿಂದ ಅರ್ಧ. ಆಮೇಲೆ ನಾನು ನೀರು ತರುತ್ತಿದ್ದೆ. ಈ ಸಲವೂ ಎದ್ದು ಅಡಿಗೆಮನೆಯವರೆಗೆ ಹೋಗಿಬಿಟ್ಟೆ.

ಅವರು ನಿಮಗೆ ಯಾಕೆ ಫೋನ್ ಮಾಡಿದರೋ ನನಗೂ ಗೊತ್ತಿಲ್ಲ. ಗೊತ್ತಿದ್ದರೆ ಹೇಳುತ್ತಿದ್ದೆ.

ಒಂದು ಕೇಳುತ್ತೇನೆ. ಚಂಪಕ ಅವರ ವಿಡಿಯೋದಲ್ಲಿ ಆ ಜಾಗದಲ್ಲಿ ವಾದ್ಯ ಹಾಕಬೇಡಿ. ಕಸುಬಿನಲ್ಲಿ ಹಾಗೆ ಬಿಡುವುದಿಲ್ಲವೆಂದು ಗೊತ್ತು. ಇಪ್ಪತ್ತೆರಡು ಸೆಕೆಂಡು.

ಬಿಂದುಶ್ರೀ


ನಂಜನಗೂಡು
3-10-2025

ಚೆಲುವಣ್ಣ,

ಮೊನ್ನೆ ಆಯುಧಪೂಜೆಗೆ ಇವರ ಸಾಮಾನನ್ನೆಲ್ಲ ಮತ್ತೆ ಜೋಡಿಸಿದೆ. ನೀವು ವಾಪಸು ಕಳಿಸಿದ ಹಳೆಯ ಡಿಸ್ಕನ್ನೂ ಇಟ್ಟೆ. ಅತ್ತೆ ವಿಭೂತಿ ಬಟ್ಟಲು ತಂದರು. ತೆಗೆದುಕೊಂಡು ಡಿಸ್ಕಿನ ಪಕ್ಕದಲ್ಲಿ ಇಟ್ಟೆ. "ಅಚ್ಚಾಕಿಲ್ವ?" ಅಂದರು. ಇಲ್ಲ ಅಂದೆ. ಬಟ್ಟಲನ್ನು ಮತ್ತೆ ಒಳಗೆ ತೆಗೆದುಕೊಂಡು ಹೋದರು. ಅವರಿಗೆ ಗೊತ್ತಿದೆಯೋ ಏನೋ ನನಗೆ ಗೊತ್ತಿಲ್ಲ.

ನಿನ್ನೆ ಸಂಜೆ ಚಂಪಕ ಅವರ ಮನೆಯಲ್ಲಿ ವಿಡಿಯೋ ಹಾಕಿದರು. ಬೀಗರು, ಸಮೀಕ್ಷಾ, ಅಳಿಯ, ಅಜ್ಜಿ ಎಲ್ಲರೂ ಇದ್ದರು. ನನ್ನನ್ನೂ ಕರೆದು ಕುರ್ಚಿ ಹಾಕಿದರು. ನೀವು ಚೆನ್ನಾಗಿ ಜೋಡಿಸಿದ್ದೀರಿ. ಅಳಿಯ ತನ್ನನ್ನು ನೋಡಿಕೊಂಡು, "ಅಂತೂ ಆಗಿದೆ ಅತ್ತೆ, ನಾನೇ ಇದ್ದೀನಿ" ಅಂದ.

ಗೌರಿಪೂಜೆ ಬಂತು. ನಾಗಸ್ವರ ನಿಂತಿತು. ಅಜ್ಜಿ ಹೂ ಮುಡಿಸುತ್ತಿದ್ದಾರೆ. ಯಾರೋ ಚಕ್ಕುಲಿ ಮುರಿಯಲು ಹೋಗಿ ನಿಲ್ಲಿಸಿದರು. ಕೊನೆಗೆ ಹೂ ನಿಂತಿತು. ಆ ಉಸಿರು ಟಿವಿಯಿಂದ ಇಡೀ ಹಜಾರಕ್ಕೆ ಕೇಳಿಸಿತು.

"ಪಾಪ, ಯಾರೋ ಸುಸ್ತಾಗಿ ನಿಂತಿದಾರೆ ಕಣೆ ಅಲ್ಲಿ" ಅಂದರು ಅಜ್ಜಿ.

ಚಂಪಕ ಅವರು ನನ್ನ ಕಡೆ ತಿರುಗಿ, "ಬಿಂದು, ಆ ಜಾಗದಲ್ಲಿ ವಾದ್ಯ ನಿಂತುಹೋಗಿದೆ ನೋಡು. ಎಡಿಟಿಂಗಲ್ಲಿ ತಪ್ಪಾಗಿದೆ. ಯಾರೋ ಉಸಿರಾಡೋದೂ ಕೇಳತ್ತೆ. ಸರಿಮಾಡಿಸಿಕೊಡ್ತೀಯಾ?" ಅಂದರು. ಇರಲಿ ಬಿಡಿ ಅಂದೆ. ಅವರು ಬಿಡುವವರಲ್ಲ. ಮಾಡಿದವರ ನಂಬರ್ ಕೊಡು ಅಂದರು. ಕೊಟ್ಟೆ.

ಆ ನಲವತ್ತೇಳು ನನ್ನ ಹತ್ತಿರವೇ ಇರಲಿ. ಯಾವುದು ಯಾರದೆಂದು ಇನ್ನೂ ತಿಳಿದಿಲ್ಲ. ಕೇಳಿದರೆ ನಗು ಬರುತ್ತದೆ, ಅತ್ತೆಗೂ ಬರುತ್ತದೆ. ದೀಪಾವಳಿಗೆ ನೀವೂ ನಿಮ್ಮ ಮನೆಯವರೂ ಬನ್ನಿ. ಗೇಟಿನ ಹತ್ತಿರ ನಿಲ್ಲಬೇಡಿ.

ಚಂಪಕ ಅವರು ನಾಳೆಯೋ ನಾಡಿದ್ದೋ ನಿಮಗೆ ಫೋನ್ ಮಾಡುತ್ತಾರೆ. ಅದನ್ನು ಮಾತ್ರ ಎತ್ತಬೇಡಿ.

ಬಿಂದುಶ್ರೀ